ಗಿಡ ಎಣಿಸಿದೆವು, ಹುಳ ಎಣಿಸೋದು ಯಾವಾಗ?

ಬಹಳ ದಿನ ಆಗಿತ್ತು ಇಲ್ಲಿ ಬರೆದು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಕಾರ ಹುಣ್ಣಿಮೆಗೆ ಊರಿಗೆ ಹೋಗಿ ಬಂದ ಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಅದನ್ನ ಇಲ್ಲಿ ಇಳಿಸಿದರೆ ನನಗೂ ಹಗುರ.

ಊರು ಅಂದರೆ ಬಸವನ ಬಾಗೇವಾಡಿ. ಆ ದಿನ ಮಧ್ಯಾಹ್ನ ಒಂದು ಮಳೆ ಹೊಡೆದಿತ್ತು. ರಾತ್ರಿ ಊಟ ಆದ ಮೇಲೆ ಮಾಳಿಗೆ ಮೇಲೆ ಅವ್ವನ ಒಂದು ಹಳೆ ಬಿಳಿ ಚಾದರ ಹಗ್ಗಕ್ಕೆ ಕಟ್ಟಿ, ಅದರ ಮುಂದೆ ಬೆಂಗಳೂರಿನಿಂದ ತಂದಿದ್ದ ಅಲ್ಟ್ರಾವಯಲೆಟ್ ಟ್ಯೂಬು ಹಚ್ಚಿದೆ. (ಎಲ್‌ಇಡಿ ಬಲ್ಬಿಗೆ ಹುಳ ಅಷ್ಟಾಗಿ ಬರೋದಿಲ್ಲ. ಹುಳಗಳಿಗೆ ಬೇಕಾದ ನೇರಳಾತೀತ ಕಿರಣ ಅದರಲ್ಲಿ ಬಹಳ ಕಡಿಮೆ. ಬೀದಿ ದೀಪದ ಕೆಳಗೆ ಈಗ ಹುಳ ಕಾಣೋದಿಲ್ಲ ಅಂತ ಅನ್ನಿಸೋದಕ್ಕೆ ಇದೂ ಒಂದು ಕಾರಣ ಇರಬಹುದು, ಹುಳ ಕಡಿಮೆಯಾಗಿದ್ದೇ ಕಾರಣ ಅಂತ ತಕ್ಷಣ ಹೇಳಬಾರದು.) ಹತ್ತು ನಿಮಿಷಕ್ಕೆ ಚಾದರದ ತುಂಬ ಸಂತೆ! ರೆಕ್ಕೆ ಬಂದ ಗೆದ್ದಲು, ಸಗಣಿ ಹುಳ, ಮಣ್ಣಿನ ಬಣ್ಣದ ಸಣ್ಣ ಪತಂಗಗಳು, ಹೆಸರೇ ಗೊತ್ತಿಲ್ಲದ ಹಸಿರು ನೊಣದಂಥವು. ಒಂದು ನೀರಿನ ತಿಗಣೆ ಬಂದು ಧಪ್ ಅಂತ ಬಿತ್ತು. ನಾನು ಚಿಕ್ಕವನಿದ್ದಾಗ ನಮ್ಮ ಮಾಳಿಗೆಯಲ್ಲಿ ನೀರಿನ ಹುಳ ನೋಡಿದ ನೆನಪಿಲ್ಲ. ಕಾಲುವೆ ಬಂದ ಮೇಲಿನ ಅತಿಥಿ ಇದು ಅಂತ ನನ್ನ ಊಹೆ.

ಆಮೇಲೆ ಬಂತು ದೊಡ್ಡದೊಂದು ಪತಂಗ. ಬೆನ್ನ ಮೇಲೆ ತಲೆಬುರುಡೆ ಚಿತ್ರ ಬರೆದಂತೆ ಗುರುತು. ಅಕ್ಕನ ಮಗ ಅದನ್ನ ಬೆರಳಿಂದ ಮುಟ್ಟಿದ್ದೇ ತಡ, ಅದು ಇಲಿಯಂತೆ ಚೀಂಯ್ ಅಂತ ಕೂಗಿತು. ಹುಡುಗ ಓಡಿದ್ದು ನೇರ ಕೆಳಗೆ ಅಡುಗೆಮನೆಗೆ :) ಅಕೆರಾಂಟಿಯಾ ಅನ್ನೋ ಕುಲದ ಪತಂಗ ಅದು, ಎಳ್ಳಿನ ಗಿಡದ ಮೇಲೆ ಬೆರಳಿಗಿಂತ ದಪ್ಪನೆಯ ಹುಳು ಇರತ್ತಲ್ಲ, ಅದರದೇ ದೊಡ್ಡ ರೂಪ. ರಾತ್ರಿ ಜೇನುಗೂಡಿಗೆ ನುಗ್ಗಿ ಜೇನು ಕದಿಯೋದು ಇದರ ಕಸುಬು.

ಗದ್ದಲ ಕೇಳಿ ಪಕ್ಕದ ಮನೆಯ ಕಾಕಾ ತಮ್ಮ ಮಾಳಿಗೆಯಿಂದ ಇಣುಕಿದರು. ಹತ್ತು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಕೇಳಿದರು, "ಅಲ್ಲ ತಮ್ಮಾ, ಎಷ್ಟ ನಮೂನಿ ಅದಾವಂತ ಬರಕೊಳ್ಳಾಕತ್ತೀಯಲ್ಲ, ಹುಳ ಎಣಸಿ ಏನ್ ಮಾಡಾಂವಪಾ ನೀ?"

ಕುಹಕ ಏನಿರಲಿಲ್ಲ ಅದರಲ್ಲಿ. ನಿಜವಾಗಿಯೂ ತಿಳಿಯೋಕೆ ಕೇಳಿದ್ದರು. "ಸುಮ್ನ ಕಾಕಾ, ಛಂದ ಅನಸ್ತದ" ಅಂತ ಹೇಳಿ ತಪ್ಪಿಸಿಕೊಂಡೆ. ಆದರೆ ಅದು ಉತ್ತರ ಅಲ್ಲ ಅನ್ನೋದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಾಗಿತ್ತು. ಈ ಬರಹ ಕಾಕಾನಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು ನಮ್ಮ ಕಡೆಯ ವಿಷಯ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಇವು ವಿಜಯಪುರ ಜಿಲ್ಲೆಯ ಹಳೆಯ ತಾಲ್ಲೂಕುಗಳು. ಈಗ ಇವನ್ನು ಒಡೆದು ಚಡಚಣ, ತಾಳಿಕೋಟಿ, ನಿಡಗುಂದಿ, ದೇವರಹಿಪ್ಪರಗಿ ಅಂತ ಹೊಸ ತಾಲ್ಲೂಕುಗಳನ್ನ ಮಾಡಿದ್ದಾರೆ, ನನ್ನ ಬಾಯಿಗೆ ಮಾತ್ರ ಹಳೆಯ ನಾಲ್ಕೇ ಬರೋದು. ಮಲೆನಾಡಿನ ಗೆಳೆಯರು ನಮ್ಮ ಕಡೆ ಬಂದರೆ ಮೊದಲು ಕೇಳೋದು, "ಇಲ್ಲಿ ಮರಗಳೇ ಇಲ್ವಲ್ರೀ?" ಜಿಲ್ಲೆಯ ಅರಣ್ಯ ಪ್ರಮಾಣ ಶೇ 0.17 ಅಂತ ಪತ್ರಿಕೆಗಳು ಬರೆದೂ ಬರೆದೂ ಅದು ನಮಗೆ ಬಾಯಿಪಾಠ ಆಗಿದೆ. ಆ ನಾಚಿಕೆ ತೊಳೆಯೋಕೇ ಎಂ. ಬಿ. ಪಾಟೀಲರು ಜಲಸಂಪನ್ಮೂಲ ಸಚಿವರಾಗಿದ್ದ ಕಾಲದಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾಯ್ತು. ರಸ್ತೆ ಬದಿ, ಶಾಲೆ ಅಂಗಳ, ಕೆರೆ ದಂಡೆ, ಎಲ್ಲ ಕಡೆ ಸಸಿ. ಆಲಮಟ್ಟಿಯಲ್ಲಂತೂ ಅಣೆಕಟ್ಟಿನ ಪಕ್ಕದ ಕಲ್ಲುಗುಡ್ಡಗಳ ಮೇಲೆ ಹಸಿರು ಬೆಳೆಸಿದ್ದನ್ನ ನೀವು ಪ್ರವಾಸಕ್ಕೆ ಹೋದಾಗ ನೋಡಿರಬಹುದು. ಬೇಸಿಗೆಯಲ್ಲಿ ಆ ನೆರಳಿಗೆ ನಿಂತವನು ಯಾರೂ ಅದನ್ನ ಬೇಡ ಅನ್ನಲಾರ. ನಾನೂ ಅನ್ನೋದಿಲ್ಲ.

ನನ್ನ ತಕರಾರು ಬೇರೆ. ಎಷ್ಟು ಸಸಿ ನೆಟ್ಟೆವು ಅಂತ ಎಣಿಸಿದ್ದೇವೆ. ಎಷ್ಟು ಬದುಕಿದವು ಅಂತ ಸ್ವಲ್ಪ ಮಟ್ಟಿಗೆ ಎಣಿಸಿದ್ದೇವೆ. ಆ ಗಿಡಗಳಲ್ಲಿ ಯಾರು ಬಂದು ಸೇರಿದರು, ಆ ಜಾಗದಲ್ಲಿ ಮೊದಲು ಯಾರಿದ್ದರು, ಅವರೆಲ್ಲ ಎಲ್ಲಿ ಹೋದರು ಅನ್ನೋದನ್ನ ಎಣಿಸುವ ಗೋಜಿಗೇ ಹೋಗಿಲ್ಲ.

ನೆಟ್ಟ ಕಾಡು ಕಾಡಾಗೋದೇ ಇಲ್ಲ ಅಂತ ವಾದ ಮಾಡೋರಿದ್ದಾರೆ, ನಾನು ಆ ಪೈಕಿ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ನೋಡಿ. 1909ರಲ್ಲಿ ಸಂಸ್ಥೆ ಹುಟ್ಟಿದಾಗ ಅದು ಬಹುಮಟ್ಟಿಗೆ ಬಯಲು ಮತ್ತು ಕುರುಚಲು. ಈಗ ಒಳಗೆ ಹೋದರೆ ಹಗಲಲ್ಲೂ ಕತ್ತಲು ಕವಿಯೋ ಹಾಗೆ ಮರಗಳು, ಅದರೊಳಗೆ ಕಾಡುಪಾಪ ಕೂಡ ಇದೆ. ಅಲ್ಲಿನ ಇರುವೆಗಳ ಪಟ್ಟಿಯನ್ನೇ ಪರಿಸರ ವಿಜ್ಞಾನ ಕೇಂದ್ರದವರು ಪುಸ್ತಿಕೆ ಮಾಡಿದ್ದಾರೆ. ಪ್ರೊ. ರಾಘವೇಂದ್ರ ಗದಗಕರ್ ಅವರು ರೊಪಾಲಿಡಿಯಾ ಮಾರ್ಜಿನೇಟಾ ಅನ್ನೋ ಕಾಗದದ ಗೂಡಿನ ಕಣಜದ ಬೆನ್ನು ಹತ್ತಿ ದಶಕಗಳನ್ನೇ ಕಳೆದರು. 2001ರಲ್ಲಿ ಅದರ ಸಾಮಾಜಿಕ ಜೀವನದ ಮೇಲೆ ಅವರ ದಪ್ಪ ಗ್ರಂಥ ಹಾರ್ವರ್ಡ್‌ನಿಂದ ಬಂತು. ಆ ಕಣಜ ಏನು ಅಮೆಜಾನ್ ಕಾಡಿನದ್ದಲ್ಲ, ನಮ್ಮ ನಿಮ್ಮ ಕಿಟಕಿ ಮೇಲೆ, ಸಜ್ಜದ ಕೆಳಗೆ ಗೂಡು ಕಟ್ಟುತ್ತಲ್ಲ, ಕೋಲಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆ ಹಚ್ಚಿ ಸುಡ್ತೀವಲ್ಲ, ಅದೇ! ಆ ಗೂಡಿನ ರಾಣಿ ಜೋರು ಮಾಡೋ ರಾಣಿಯಲ್ಲ, ಬಹಳ ಸೌಮ್ಯ. ರಾಣಿ ಇಲ್ಲವಾದರೆ ಮುಂದಿನ ರಾಣಿ ಯಾರು ಅನ್ನೋದರ ಬಗ್ಗೆ ಉಳಿದವರಲ್ಲಿ ಜಗಳವೇ ಇರೋದಿಲ್ಲವಂತೆ. ನಮ್ಮ ರಾಜಕಾರಣಿಗಳಿಗೆ ಈ ಪುಸ್ತಕ ಹಂಚಬೇಕು.

ಅದೇ ಗದಗಕರ್ ಮತ್ತು ಸಂಗಡಿಗರು 1990ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಉಷ್ಣವಲಯದಲ್ಲಿ ಕೀಟ ವೈವಿಧ್ಯ ಅಳೆಯೋದು ಹೇಗೆ ಅನ್ನೋದರ ಬಗ್ಗೆ, ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾಡಿ ನೋಡಿದ ಅನುಭವದ ಮೇಲೆ. ನನಗೆ ಅದರಲ್ಲಿ ಹಿಡಿಸಿದ್ದು ಅವರ ಸಾಮಾನುಗಳು. ದೀಪದ ಬೋನು, ಪೊದೆ ಹುಲ್ಲುಗಳ ಮೇಲೆ ಬೀಸೋ ಬಲೆ, ನೆಲದಲ್ಲಿ ಹೂತಿಟ್ಟ ಡಬ್ಬಿ, ವಾಸನೆ ಹಾಕಿದ ಬೋನು. ಅಷ್ಟೇ. ಯಾವುದೂ ನಮ್ಮ ಸಂತೆಯಲ್ಲಿ ಸಿಗದಂಥದ್ದಲ್ಲ. ಮುಖ್ಯವಾದದ್ದು ಏನು ಗೊತ್ತಾ? ಎಲ್ಲ ಜಾಗದಲ್ಲೂ ಅದೇ ಸಾಮಾನು, ಅಷ್ಟೇ ಹೊತ್ತು, ಅಷ್ಟೇ ಸಲ. ಒಂದು ಕಡೆ ಎರಡು ತಾಸು ಬಲೆ ಬೀಸಿ, ಇನ್ನೊಂದು ಕಡೆ ಬೇಜಾರಾಗಿ ಹತ್ತು ನಿಮಿಷಕ್ಕೆ ನಿಲ್ಲಿಸಿದರೆ ಆ ಎರಡು ಲೆಕ್ಕಗಳನ್ನ ಹೋಲಿಸೋಕೆ ಆಗೋದಿಲ್ಲ. ಹೆಸರು ಗೊತ್ತಿರಲೇಬೇಕು ಅಂತಲೂ ಇಲ್ಲ. ಇದು ಅದಕ್ಕಿಂತ ಬೇರೆ ಅನ್ನೋದು ಖಾತ್ರಿಯಾದರೆ ಒಂದನೇ ಹುಳ, ಎರಡನೇ ಹುಳ ಅಂತ ನಂಬರು ಕೊಟ್ಟು ಇಟ್ಟರೂ ಆಯ್ತು, ಹೆಸರು ಆಮೇಲೆ ತಜ್ಞರು ಹೇಳ್ತಾರೆ.

ಹೊರದೇಶದ ಎರಡು ಸಂಗತಿ ಹೇಳಲೇಬೇಕು. ಒಂದು, ಇಂಗ್ಲೆಂಡಿನ ಲೆಸ್ಟರ್ ನಗರದ ಜೆನಿಫರ್ ಓವನ್ ಅನ್ನೋ ಹೆಂಗಸು. ಪೇಟೆಯ ಮಧ್ಯದ ತನ್ನ ಮನೆ ಹಿತ್ತಲಲ್ಲಿ 1972ರಿಂದ 30 ವರ್ಷ ಬಿಡದೆ ಎಣಿಸಿದಳು. ಲೆಕ್ಕ ಸಿಕ್ಕಿದ್ದು 2,673 ಬಗೆಯ ಜೀವಿಗಳು, ಅದರಲ್ಲಿ 1,997 ಕೀಟಗಳೇ. ಒಂದು ಹಿತ್ತಲಲ್ಲಿ! ಅದೂ ಚಳಿ ದೇಶದಲ್ಲಿ. ಎರಡನೇದು ಜರ್ಮನಿಯ ಕ್ರೆಫೆಲ್ಡ್ ಊರಿನ ಹವ್ಯಾಸಿ ಕೀಟಾಸಕ್ತರ ಸಂಘ. ಅವರು 1989ರಿಂದ 2016ರ ತನಕ 63 ಸಂರಕ್ಷಿತ ಜಾಗಗಳಲ್ಲಿ ಗುಡಾರದಂಥ ಮಲೇಸ್ ಬಲೆ ಕಟ್ಟಿ, ಬಿದ್ದ ಹುಳಗಳನ್ನ ತೂಕ ಮಾಡಿ ಮಾಡಿ ಇಟ್ಟರು. 2017ರಲ್ಲಿ ಆ ಲೆಕ್ಕ ಪ್ರಕಟವಾದಾಗ ಜಗತ್ತೇ ಬೆಚ್ಚಿತು. 27 ವರ್ಷದಲ್ಲಿ ಹಾರುವ ಕೀಟಗಳ ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿದಿತ್ತು. (ಮಲೇಸ್ ಬಲೆಯ ಕಥೆಯೂ ಮಜವಾಗಿದೆ. ರೆನೆ ಮಲೇಸ್ ಅನ್ನೋ ಸ್ವೀಡನ್ನಿನವನು ತಾನು ಮಲಗಿದ ಗುಡಾರದೊಳಗೆ ಬಂದ ನೊಣಗಳು ಮೇಲ್ಮೂಲೆಗೇ ಹೋಗಿ ಸಿಕ್ಕಿಕೊಳ್ಳೋದನ್ನ ನೋಡಿ, ಆ ಮೂಲೆಗೊಂದು ಡಬ್ಬಿ ಕಟ್ಟಿದರೆ ಹೇಗೆ ಅಂತ ಯೋಚಿಸಿದನಂತೆ.) ಇಲ್ಲಿ ನನಗೆ ಕಾಣೋದು ಸೊನ್ನೆಗೂ ಲೆಕ್ಕವಿಲ್ಲದ ಸ್ಥಿತಿಗೂ ಇರೋ ವ್ಯತ್ಯಾಸ. ಜರ್ಮನಿಯವರಿಗೆ ಕಳೆದುಕೊಂಡಿದ್ದೆಷ್ಟು ಅಂತ ಗೊತ್ತಿದೆ. ನಾವು ಕಳೆದುಕೊಂಡಿದ್ದೇವೋ ಇಲ್ಲವೋ ಅನ್ನೋದೇ ನಮಗೆ ಗೊತ್ತಿಲ್ಲ. "ಮದಲ ಭಾಳ ಇದ್ವು, ಈಗ ಇಲ್ಲ" ಅಂತ ಕಟ್ಟೆ ಮೇಲೆ ಕೂತು ಹೇಳೋದು ಬಿಟ್ಟರೆ ನಮ್ಮ ಹತ್ತಿರ ಒಂದು ಚೀಟಿಯೂ ಇಲ್ಲ.

ಇಲ್ಲಿ ಯಾರಾದರೂ ಕೇಳಬಹುದು, ನಿಮ್ಮ ಕಡೆ ಕೀಟ ವಿಜ್ಞಾನಿಗಳೇ ಇಲ್ವಾ ಅಂತ. ಇದ್ದಾರೆ. ವಿಜಯಪುರದ ಒಣಬೇಸಾಯ ಸಂಶೋಧನಾ ಕೇಂದ್ರ 1933ರಷ್ಟು ಹಳೇದು, ಕೃಷಿ ಕಾಲೇಜೂ ಇದೆ. ಜೋಳದ ಸುಳಿನೊಣ, ತೊಗರಿಯ ಕಾಯಿಕೊರಕ, ಹತ್ತಿಯ ಹೇನು, ಇವುಗಳ ಲೆಕ್ಕ ಅಲ್ಲಿ ಸಿಗುತ್ತೆ. ರೈತರಿಗೆ ಅದು ಬೇಕು, ಅದು ಅವರ ಕೆಲಸ. ಆದರೆ ಬೆಳೆ ತಿನ್ನೋ ಕೆಲವನ್ನ ಮಾತ್ರ ಎಣಿಸಿದರೆ, ಊರಿನ ಕಳ್ಳರ ಪಟ್ಟಿ ಇಟ್ಟುಕೊಂಡು ಅದನ್ನೇ ಜನಗಣತಿ ಅಂದ ಹಾಗಾಗತ್ತೆ. ಕಳ್ಳರನ್ನ ಹಿಡಿಯೋ ಪೊಲೀಸರು ಯಾರು, ಹೂವಿಗೆ ಬರೋ ಗಿರಾಕಿಗಳು ಯಾರು, ಹೆಣ ಎತ್ತೋರು ಯಾರು, ಸಗಣಿ ಹೂಳೋರು ಯಾರು?

ಸಗಣಿ ಅಂದ ಕೂಡಲೇ ನೆನಪಾಯ್ತು. ಕಾರ ಹುಣ್ಣಿಮೆ ದಿನ ಎತ್ತುಗಳ ಕರಿ ಹರಿಯೋಕೆ ನಮ್ಮ ಓಣಿಯಲ್ಲಿ ಮೊದಲಿನಷ್ಟು ಜೋಡಿಗಳೇ ಇಲ್ಲ, ಎಲ್ಲರ ಮನೆ ಮುಂದೂ ಟ್ರ್ಯಾಕ್ಟರು. ಎತ್ತು ಕಡಿಮೆಯಾದರೆ ಸಗಣಿ ಕಡಿಮೆ, ಸಗಣಿ ಕಡಿಮೆಯಾದರೆ ಅದನ್ನ ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗಿ ನೆಲದೊಳಗೆ ಹೂಳೋ ಹುಳಕ್ಕೂ ಕೂಳಿಲ್ಲ. ಇರೋ ದನಗಳಿಗೂ ಜಂತುಹುಳಕ್ಕೆ ಕೊಡೋ ಐವರ್ಮೆಕ್ಟಿನ್ ಔಷಧಿ ಸಗಣಿಯಲ್ಲಿ ಉಳಿದು ಆ ಹುಳದ ಮರಿಗಳಿಗೆ ವಿಷವಾಗತ್ತೆ ಅಂತ ಹಲವು ದೇಶಗಳಲ್ಲಿ ಕಂಡುಕೊಂಡಿದ್ದಾರೆ. ಬಸವಣ್ಣನ ಊರಲ್ಲೇ ಬಸವನ ಸಗಣಿ ಹುಳಗಳ ಲೆಕ್ಕ ಇಲ್ಲ ಅನ್ನೋದು ನನಗೇಕೋ ಚುಚ್ಚುತ್ತೆ.

ಸರಿ, ಪೊಲೀಸರ ವಿಷಯಕ್ಕೆ ಬರೋಣ, ಕಾಕಾನ ಪ್ರಶ್ನೆಗೆ ನಿಜವಾದ ಉತ್ತರ ಇರೋದು ಅಲ್ಲೇ. ನನ್ನ ಸೋದರಮಾವ ಇರೋದು ಇಂಡಿಯಲ್ಲಿ, ನಿಂಬೆ ತೋಟ. ಇಂಡಿ ನಿಂಬೆಗೆ ಈಗ ಜಿಐ ಮಾನ್ಯತೆಯೂ ಇದೆ, 2025ರಲ್ಲಿ ದುಬೈ ಕಡೆಗೂ ಹೋಯ್ತು. ಮಾಮಾನ ತೋಟದಲ್ಲಿ ಚಿಗುರಿನ ಮೇಲೆ ಒಂದು ಬಗೆಯ ಸಣ್ಣ ಜಿಗಿಹುಳ ಇರತ್ತೆ, ಸಿಲ್ಲಾ ಅಂತಾರೆ. ರಸ ಹೀರೋದಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಇದು ಗ್ರೀನಿಂಗ್ ಅನ್ನೋ ರೋಗ ಹೊತ್ತು ತರುತ್ತೆ. ಅಮೆರಿಕದ ಫ್ಲೋರಿಡಾದಲ್ಲಿ 2005ರಲ್ಲಿ ಆ ರೋಗ ಕಾಣಿಸಿತು. ಇಪ್ಪತ್ತು ವರ್ಷದಲ್ಲಿ ಅಲ್ಲಿನ ಕಿತ್ತಳೆ ಬೆಳೆ ಹತ್ತರಲ್ಲಿ ಒಂದು ಪಾಲಿಗಿಂತ ಕೆಳಗಿಳಿಯಿತು. ಜಗತ್ತಿಗೇ ಕಿತ್ತಳೆ ರಸ ಕುಡಿಸಿದ ನಾಡು ಅದು.

ಈ ಸಿಲ್ಲಾಕ್ಕೊಂದು ವೈರಿ ಇದೆ, ಟಮರಿಕ್ಸಿಯಾ ರೇಡಿಯೇಟಾ ಅನ್ನೋ ಕಣಜ. ಕಣಜ ಅಂದ ಕೂಡಲೇ ಹೆದರಬೇಡಿ, ಇದು ಸಾಸಿವೆ ಕಾಳಿಗಿಂತ ಸಣ್ಣದು, ಕಚ್ಚೋದಿಲ್ಲ. ಸಿಲ್ಲಾದ ಮರಿಯ ಹೊಟ್ಟೆ ಕೆಳಗೆ ಮೊಟ್ಟೆ ಇಡುತ್ತೆ, ಒಡೆದು ಬಂದ ಹುಳು ಆ ಮರಿಯನ್ನೇ ಹೀರಿ ಬೆಳೆಯುತ್ತೆ. 1922ರಲ್ಲಿ ಇದಕ್ಕೆ ಹೆಸರು ಕೊಟ್ಟಿದ್ದು ಆಗಿನ ಅವಿಭಜಿತ ಪಂಜಾಬಿನ ಲಾಯಲ್‌ಪುರದ ನಮೂನೆಗಳನ್ನ ನೋಡಿ. ಅಂದರೆ ಇದು ನಮ್ಮ ಉಪಖಂಡದ್ದೇ ಕೂಸು. 1978ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದವರು ಇದನ್ನ ಭಾರತದಿಂದ ಒಯ್ದು ಬಿಟ್ಟು ತಮ್ಮ ನಿಂಬೆ ಜಾತಿಯ ತೋಟಗಳಲ್ಲಿ ಸಿಲ್ಲಾ ತಹಬಂದಿಗೆ ತಂದರು. ನೂರು ವರ್ಷದ ಹಿಂದೆ ಯಾರೋ ಒಬ್ಬ ಅಷ್ಟು ಸಣ್ಣ ಹುಳವನ್ನ ಹಿಡಿದು, ನೋಡಿ, ಹೆಸರಿಟ್ಟು ಬರೆದಿಟ್ಟಿದ್ದರಿಂದ ಇದು ಸಾಧ್ಯವಾಯ್ತು. ಆಗ ಅವನಿಗೂ ಯಾರಾದರೂ ಕೇಳಿರಬೇಕು, ಹುಳ ಎಣಿಸಿ ಏನ್ ಮಾಡ್ತೀಯಪ್ಪಾ ಅಂತ!

ಹತ್ತಿರದ ಉದಾಹರಣೆ ಬೇಕಾ? 2008ರಲ್ಲಿ ಕೊಯಮತ್ತೂರಿನ ಕಡೆ ಪಪಾಯ ಹಿಟ್ಟುತಿಗಣೆ ಕಾಣಿಸಿತು. ಪಪಾಯ ಮಾತ್ರವಲ್ಲ, ಹಿಪ್ಪುನೇರಳೆ ತೋಟಗಳೂ ಬೆಳ್ಳಗಾದವು. ಹೊಡೆದ ಔಷಧಿಗೆ ಲೆಕ್ಕವಿಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರೋ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ಪೋರ್ಟೊ ರಿಕೊದಿಂದ ಅಸಿರೋಫೇಗಸ್ ಪಪಾಯೆ ಅನ್ನೋ ಚಿಕ್ಕ ಕಣಜ ತರಿಸಿ ಬಿಟ್ಟರು. ಕೆಲವೇ ತಿಂಗಳಲ್ಲಿ ಪೀಡೆ ಇಳಿಯಿತು. ಇನ್ನೊಂದು, 2018ರ ಮೇನಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ ಅಮೆರಿಕದ ಸೈನಿಕ ಹುಳು ಭಾರತದಲ್ಲೇ ಮೊದಲ ಸಲ ಪತ್ತೆಯಾಯ್ತು. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮತ್ತಿತರರು ಹೊಲದಲ್ಲಿ ಓಡಾಡಿ ನೋಡ್ತಿದ್ದರು, 'ಇದು ನಮ್ಮ ಎಂದಿನ ಹುಳು ಅಲ್ಲ' ಅಂತ ಗುರುತಿಸಿದರು. ಎಂದಿನದು ಯಾವುದು ಅಂತ ಗೊತ್ತಿದ್ದವನಿಗೆ ಮಾತ್ರ ಹೊಸದು ಬಂದಿದ್ದು ಗೊತ್ತಾಗೋದು. ಆ ಹುಳು ನಮ್ಮ ಜೋಳಕ್ಕೂ ಬಿತ್ತು ಆಮೇಲೆ.

ಮಾಮಾನ ತೋಟದ ಬದುವಿನಲ್ಲಿ ಮೊದಲು ಎಕ್ಕೆ, ತಂಗಡಿ (ಹಳೆ ಮೈಸೂರು ಕಡೆಯವರು ಆವರಿಕೆ ಅಂತಾರೆ), ಬಾರಿಕಂಟಿ ಎಲ್ಲ ಇದ್ದವು. ಹೋದ ವರ್ಷ ಸ್ವಚ್ಛ ಮಾಡಿಸಿ ಕಳೆನಾಶಕ ಹೊಡೆಸಿದ್ದಾನೆ. ಬದು ಈಗ ಗಡ್ಡ ಬೋಳಿಸಿದ ಹಾಗೆ. ಆ ಸಣ್ಣ ಕಣಜಗಳು ದೊಡ್ಡವಾದ ಮೇಲೆ ಕುಡಿಯೋದು ಹೂವಿನ ಮಕರಂದ. ನಿಂಬೆ ಹೂವಿಲ್ಲದ ದಿನಗಳಲ್ಲಿ ಅವಕ್ಕೆ ಬದುವಿನ ಹೂವೇ ಅಂಗಡಿ. "ಮಾಮಾ, ಪೊಲೀಸ್ ಠಾಣೆನೇ ಕೆಡವಿದಿಯಲ್ಲೋ" ಅಂದೆ. "ಕಂಟ್ಯಾಗ ಹಾವ ಬರ್ತಾವ ಅಳಿಯಾ, ನಿಂಗೇನ ಗೊತ್ತ" ಅಂದ. ಅವನ ಮಾತೂ ಸುಳ್ಳಲ್ಲ. ನಾನು ಬೆಂಗಳೂರಲ್ಲಿ ಕೂತು ಬರೀತೀನಿ, ಅವನು ಬರಿಗಾಲಲ್ಲಿ ನೀರು ಹಾಯಿಸ್ತಾನೆ.

ಈಗ ಈ ಬರಹಕ್ಕೆ ಕಾರಣವಾದ ಮುಖ್ಯ ವಿಷಯ. ನಮ್ಮ ನಾಲ್ಕು ಊರುಗಳಲ್ಲೊಂದರ ಅಂಚಿಗೆ (ಯಾವ ಊರು ಅಂತ ಬೇಡ) ಒಂದು ಕಲ್ಲುಗುಡ್ಡ ಇದೆ. ಊರು ಬೆಳೆದೂ ಬೆಳೆದೂ ಈಗ ಅದರ ಮೂರು ಕಡೆ ಮನೆಗಳು. ಕಾಗದದಲ್ಲಿ ಅದು ಬಂಜರು. ನನ್ನ ಕಣ್ಣಿಗೆ ಅದು ಆ ಊರಿಗಿರೋ ಒಂದೇ ಕಾಡು. ಉಷ್ಣವಲಯದ ಕಾಡು ಅಂದರೆ ಆಗುಂಬೆಯೇ ಆಗಿರಬೇಕಾಗಿಲ್ಲ, ಮುಳ್ಳುಕಂಟಿಯ ಕುರುಚಲೂ ಅದರದೇ ಒಂದು ಬಗೆ. ಎಕ್ಕೆಯ ಮೇಲೆ ಹಳದಿ ನೀಲಿ ಪಟ್ಟೆಯ ಚೆಂದದ ಮಿಡತೆ, ಮುಟ್ಟಿದರೆ ರಸ ಚಿಮ್ಮಿಸುತ್ತೆ. ಅದೇ ಎಕ್ಕೆ ತಿಂದು ಬೆಳೆಯೋ ಕೇಸರಿ ಚಿಟ್ಟೆ, ಅದನ್ನ ನಕಲು ಮಾಡೋ ಇನ್ನೊಂದು ಚಿಟ್ಟೆ. ತಂಗಡಿಯ ಮೇಲೆ ಮೊಟ್ಟೆ ಇಡೋ ತಿಳಿ ಹಸಿರು ಬಿಳಿ ಚಿಟ್ಟೆಗಳು. ಮಿರಗದ ಮಳೆ ಬಿದ್ದ ಮರುದಿನ ಮಖಮಲ್ಲಿನ ಕೆಂಪು ಮಿರಗದ ಹುಳ (ಅದಕ್ಕೆ ಎಂಟು ಕಾಲು, ಲೆಕ್ಕಕ್ಕೆ ಅದು ಕೀಟವಲ್ಲ, ಜೇಡದ ಬಳಗ. ಆದರೂ ಬಿಟ್ಟು ಬರೆಯೋಕೆ ಮನಸ್ಸಾಗಲಿಲ್ಲ). ಮುಂಜಾನೆ ಎರಡು ತಾಸು ಅಲೆದರೆ ಪುಟ ತುಂಬುತ್ತೆ.

ಅಲ್ಲೀಗ ಜೆಸಿಬಿ ಬಂದಿದೆ. ಗುಡ್ಡವನ್ನ 'ಅಭಿವೃದ್ಧಿ' ಮಾಡ್ತಾರಂತೆ. ವಾಕಿಂಗ್ ದಾರಿಗೆ ಇಂಟರ್‌ಲಾಕ್ ಕಲ್ಲು, ರಾತ್ರಿಯಿಡೀ ದೀಪ, ಹುಲ್ಲುಹಾಸು, ಸಾಲಾಗಿ ಅಲಂಕಾರದ ಗಿಡ, ಕಂಟಿ ಎಲ್ಲ ಸಾಫ್. ಕೆಲಸ ನೋಡ್ತಿದ್ದವರನ್ನ ಕೇಳಿದೆ, ಇಲ್ಲಿ ಏನೇನಿತ್ತು ಅಂತ ಮೊದಲು ಯಾರಾದರೂ ನೋಡಿದಾರಾ ಅಂತ. "ಏನೈತ್ರಿ ಇಲ್ಲೆ? ಜಾಲಿ ಕಂಟಿ, ಹುಳಾ ಹುಪ್ಪಡಿ" ಅಂದರು. ಪಂಚಾಯ್ತಿಗಳು, ಪುರಸಭೆಗಳು ಜನತಾ ಜೀವವೈವಿಧ್ಯ ದಾಖಲಾತಿ ಅಂತ ಒಂದು ಪುಸ್ತಕ ಮಾಡಬೇಕು. 2002ರ ಜೀವವೈವಿಧ್ಯ ಕಾಯ್ದೆಯಡಿ ಅದು ಕಡ್ಡಾಯ. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದ ಮೇಲೆ ದೇಶದ ತುಂಬ ಗಡಿಬಿಡಿಯಲ್ಲಿ ಪುಸ್ತಕಗಳು ತಯಾರಾದವು. ನಮ್ಮ ಕಡೆಯ ಅಂಥದ್ದೊಂದನ್ನ ನಾನು ತೆರೆದು ನೋಡಿದೆ. ಕೀಟ ಅನ್ನೋ ಪುಟದಲ್ಲಿ ನಾಲ್ಕು ಹೆಸರು: ಜೇನು, ಇರುವೆ, ಚಿಟ್ಟೆ, ಸೊಳ್ಳೆ. ಸೊಳ್ಳೆಯನ್ನಾದರೂ ಬರೆದಿದ್ದಾರಲ್ಲ ಅಂತ ಸಮಾಧಾನ ಪಟ್ಟೆ.

ಬೆಂಗಳೂರಿನವರು ಈ ವಿಷಯದಲ್ಲಿ ನಮಗಿಂತ ಜಾಣರು. 2021ರ ಫೆಬ್ರುವರಿಯಲ್ಲಿ ತುರಹಳ್ಳಿ ಕಾಡಿನ ಒಂದು ಭಾಗವನ್ನ ಟ್ರೀ ಪಾರ್ಕ್ ಮಾಡ್ತೀವಿ ಅಂತ ಅರಣ್ಯ ಇಲಾಖೆ ಹೊರಟಾಗ ಜನ ಬೀದಿಗಿಳಿದರು, ಯೋಜನೆ ಕೈಬಿಟ್ಟರು. ಅವರ ಕೈಯಲ್ಲಿ ಘೋಷಣೆ ಮಾತ್ರ ಇರಲಿಲ್ಲ, ಆ ಕಾಡಲ್ಲಿ ಅಲೆದಾಡಿ ಹಕ್ಕಿ, ಚಿಟ್ಟೆ ನೋಡಿದವರ ಕಣ್ಣುಗಳಿದ್ದವು. ನಮ್ಮ ಗುಡ್ಡದ ಪರವಾಗಿ ನಾನು ಏನು ಹಿಡಿದುಕೊಂಡು ಹೋಗಲಿ? ಎರಡು ಮುಂಜಾನೆಯ ನನ್ನ ನೋಟ್‌ಬುಕ್ಕಾ?

ಉದ್ಯಾನ ಬೇಡ ಅಂತ ನಾನು ಹೇಳ್ತಿಲ್ಲ. ಮುದುಕರಿಗೆ ಕೂರೋಕೆ ಜಾಗ ಬೇಕು, ಮಕ್ಕಳಿಗೆ ಜೋಕಾಲಿ ಬೇಕು. ಗುಡ್ಡದ ಕಾಲುಭಾಗ ಅದಕ್ಕೆ ಸಾಕು. ಉಳಿದದ್ದನ್ನ ಮುಟ್ಟೋ ಮೊದಲು ಒಂದು ವರ್ಷ, ಒಂದೇ ವರ್ಷ, ಎಣಿಸೋಣ ಅಂತ ನನ್ನ ವಾದ. ಮಳೆಗಾಲಕ್ಕೊಮ್ಮೆ, ಚಳಿಗೊಮ್ಮೆ, ಬೇಸಿಗೆಗೊಮ್ಮೆ. ಸಿಂದಗಿಯಲ್ಲಿ, ಮುದ್ದೇಬಿಹಾಳದಲ್ಲಿ ಡಿಗ್ರಿ ಕಾಲೇಜುಗಳಿವೆ, ಪ್ರಾಣಿಶಾಸ್ತ್ರ ಕಲಿಸ್ತಾರೆ. ಸೀಮೆಎಣ್ಣೆ ಹಾಕಿ ಸಾಯಿಸಿದ ಜಿರಲೆ ಕುಯ್ಯೋ ಬದಲು ಹುಡುಗರನ್ನ ಅಮಾವಾಸ್ಯೆ ರಾತ್ರಿ ಒಂದು ಚಾದರ, ಒಂದು ಟ್ಯೂಬು ಕೊಟ್ಟು ಕಳಿಸಿದರೆ ಏನು ಖರ್ಚು? (ಅಮಾವಾಸ್ಯೆ ಯಾಕೆ ಅಂದರೆ ಬೆಳದಿಂಗಳಲ್ಲಿ ದೀಪಕ್ಕೆ ಹುಳ ಕಡಿಮೆ. ನಾನು ಹುಣ್ಣಿಮೆ ದಿನ ಹಚ್ಚಿದ್ದು ಶುದ್ಧ ದಡ್ಡತನ, ಮೋಡ ಇದ್ದಿದ್ದರಿಂದ ಬಚಾವಾದೆ.) ನಮ್ಮ ರೈತರಿಗೇನು ಹುಳ ಎಣಿಸೋದು ಹೊಸದಲ್ಲ. ತೊಗರಿ ಗಿಡ ಅಲುಗಿಸಿ ಕೆಳಗೆ ಹಾಸಿದ ಚೀಲದ ಮೇಲೆ ಬಿದ್ದ ಕಾಯಿಕೊರಕ ಹುಳುಗಳನ್ನ ಬಾಚಿ ತೆಗೆಯೋದನ್ನ ಸಿಂದಗಿ ಕಡೆಯ ಹಿರಿಯರನ್ನ ಕೇಳಿ ನೋಡಿ, ಹೇಳ್ತಾರೆ. ವಿಜ್ಞಾನಿಗಳು ಹೊಲದಲ್ಲಿ ಪೀಡೆ ಎಣಿಸೋ ಕ್ರಮವೂ ಹೆಚ್ಚುಕಡಿಮೆ ಹೀಗೇ, ಗಿಡ ಅಲುಗಿಸಿ ಬಟ್ಟೆ ಮೇಲೆ ಬಿದ್ದದ್ದನ್ನ ಲೆಕ್ಕ ಹಾಕೋದು. ವ್ಯತ್ಯಾಸ ಇಷ್ಟೇ, ನಮ್ಮವರು ಎಣಿಸಿ ಬರೆದಿಡಲಿಲ್ಲ.

ಇಲ್ಲಿ ಓದೋ ನಿಮಗೂ ಒಂದು ಮಾತು. ನಮ್ಮಲ್ಲಿ ಹೆಚ್ಚಿನವರು ಊರು ಬಿಟ್ಟು ಬಂದು ಊರಿನ ಬಗ್ಗೆ ಬರೆಯೋರು. ತೇಜಸ್ವಿಯವರ ಕರ್ವಾಲೊ ಓದಿ ಹಾರುವ ಓತಿಯ ಹಿಂದೆ ಮನಸ್ಸಲ್ಲೇ ಓಡಿದವರು. ಹಬ್ಬಕ್ಕೆ ಊರಿಗೆ ಹೋದಾಗ ಹೋಳಿಗೆಯ ಫೋಟೋ ಹಾಕ್ತೀವಿ. ಅದರ ಜೊತೆಗೆ ಹಿತ್ತಲಿನ ಹತ್ತು ಹುಳದ ಫೋಟೋ ತೆಗೆದು, ಜಾಗ ಮತ್ತು ತಾರೀಖಿನ ಜೊತೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ಲಿಗೋ ಐನ್ಯಾಚುರಲಿಸ್ಟಿಗೋ ಹಾಕಿ. ಆ ನಕ್ಷೆಗಳಲ್ಲಿ ಪಶ್ಚಿಮಘಟ್ಟದ ಮೇಲೆ, ಬೆಂಗಳೂರಿನ ಮೇಲೆ ಚುಕ್ಕೆಗಳು ಗಿಜಿಗುಡ್ತವೆ. ನಾನು ಮೊನ್ನೆ ನಮ್ಮ ನಾಲ್ಕು ತಾಲ್ಲೂಕುಗಳ ಮೇಲೆ ಕಣ್ಣಾಡಿಸಿದೆ, ಬಹುಪಾಲು ಖಾಲಿ. ಆ ಖಾಲಿ ಜಾಗವನ್ನ ನೋಡಿದವನು 'ಇಲ್ಲೇನೂ ಇಲ್ಲ' ಅಂತಲೇ ಅಂದುಕೊಳ್ತಾನೆ, ಜೆಸಿಬಿ ತಂದವರ ಹಾಗೆ.

ಕಾಕಾನಿಗೆ ಫೋನು ಮಾಡಿ ಇದರಲ್ಲಿ ಅರ್ಧ ಹೇಳಿದೆ. "ಹಂಗಾದ್ರ ಎಣಸ ಬಿಡು" ಅಂದರು, ಒಪ್ಪಿದರೋ ಸಾಕು ಮಾಡಿದರೋ ತಿಳೀಲಿಲ್ಲ.

ಮಾಮಾನ ವಿಷಯ ಮಾತ್ರ ಬೇರೆಯಾಯ್ತು. ಅಕ್ಕನ ಮಗ ತೋಟದಿಂದ ಒಂದು ನಿಂಬೆ ಚಿಟ್ಟೆಯ ಹಸಿರು ಹುಳು ಹಿಡಿದು ಗಾಜಿನ ಭರಣಿಯಲ್ಲಿಟ್ಟು ಎಲೆ ಹಾಕ್ತಿದ್ದ. ಅದು ಕೋಶ ಕಟ್ಟಿತು. ಚಿಟ್ಟೆ ಬರೋ ದಿನ ಎಣಿಸ್ತಾ ಕೂತಿದ್ದ. ಹೋದ ವಾರ ಮಾಮಾನ ಫೋನು, ದನಿಯಲ್ಲಿ ಗಾಬರಿ. "ಅಳಿಯಾ, ಚಿಟ್ಟಿ ಬರ್ಲಿಲ್ಲೋ! ಕೋಶಕ್ಕ ಒಂದ ತೂತ ಬಿದ್ದದ, ಅದರಾಗಿಂದ ಸಣ್ಣ ಸಣ್ಣ ಕರೀ ನೊಣದಂಥಾವು ಹೊರಗ ಬರಾಕತ್ಯಾವ. ಹುಡುಗ ಅಳಾಕತ್ಯಾನ. ಎಣಸಿದ್ವಿ, ಅರವತ್ತರ ಮ್ಯಾಲ ಅದಾವ. ಏನೋ ಇವು?"

"ಅವೇ ಮಾಮಾ ಪೊಲೀಸ್ರು" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಭರಣಿ ತೋಟದಾಗ ಒಯ್ದು ತಗೀಲೋ, ಇಲ್ಲೇ ಇಡ್ಲೋ?"